ತೊಂಬತ್ತೇಳನೇ ಪುಟದಿಂದ

ಜುಮ್ರೇತಾಳನ್ನು ಕೆಲಸಕ್ಕೆ ತೆಗೆದುಕೊಂಡದ್ದು ಇಸ್ತ್ರಿಗೆ. ಕಾಗದದಲ್ಲೂ ಹಾಗೇ ಬರೆದಿದೆ. ಶ್ಟಿಪ್ ಊರಿನ ಆ ಅಂಗಿ ಕಾರ್ಖಾನೆಗೆ ಅವಳು ಕಾಲಿಟ್ಟು ಒಂಬತ್ತು ವರ್ಷವಾಯಿತು. ಮೊದಲ ದಿನವೇ, ಊಟದ ಗಂಟೆ ಹೊಡೆದ ಮೇಲೆ, ಸೂಪರ್‌ವೈಸರ್ ಸ್ಲಾವ್ಕಾ ಅವಳ ಕೈಗೆ ಬ್ರಷ್ಷು, ಬಕೆಟ್ಟು ಕೊಟ್ಟು ಕಕ್ಕಸಿನ ಕಡೆ ಗಲ್ಲ ಎತ್ತಿ ತೋರಿಸಿದಳು. ಯಾಕೆ ಎಂದು ಜುಮ್ರೇತಾ ಕೇಳಲಿಲ್ಲ. ಸ್ಲಾವ್ಕಾ ಹೇಳಲೂ ಇಲ್ಲ. ಜಿಪ್ಸಿ ಕೇರಿಯಿಂದ ಬಂದವಳಿಗೆ ಅದನ್ನೆಲ್ಲ ಬಾಯಿಬಿಟ್ಟು ಹೇಳಬೇಕೇ?

ನಲವತ್ತು ಹೆಂಗಸರು, ಎರಡು ಕಕ್ಕಸು. ಗೋಡೆಯ ಮೊಳೆಗೆ ಒಂದು ಮರದ ಬಿಲ್ಲೆ ನೇತುಹಾಕಿರುತ್ತಿತ್ತು. ಬಿಲ್ಲೆ ಸಿಕ್ಕವಳು ಹೋಗಬಹುದು. ಸಿಗದವಳು ತೊಡೆ ಬಿಗಿಹಿಡಿದು ಹೊಲಿಯುತ್ತಿರಬೇಕು. ಅಷ್ಟು ಹೊತ್ತು ತಡೆದುಕೊಂಡವರು ಒಳಗೆ ಹೋದರೆ ನೋಡಿ ನಾಜೂಕಾಗಿ ಕೂರುತ್ತಾರೆಯೇ? ಅಂಚಿಗೆ, ನೆಲಕ್ಕೆ, ಗೋಡೆಗೆ. ಮುಟ್ಟಿನ ಬಟ್ಟೆಯನ್ನು ಕಾಗದದಲ್ಲಿ ಸುತ್ತುವ ವ್ಯವಧಾನವೂ ಯಾರಿಗೂ ಇರಲಿಲ್ಲ. ಬೆಳಗ್ಗೆಯಿಂದ ಹಬೆ ಇಸ್ತ್ರಿ ಹಿಡಿದು ನಿಂತು ಊದಿದ ಕಾಲನ್ನು ಮಡಿಸಿ, ಜುಮ್ರೇತಾ ಆ ನೆಲದ ಮೇಲೆ ಮೊಣಕಾಲೂರಿ ಉಜ್ಜುತ್ತಿದ್ದಳು. ಆಮ್ಲದ ವಾಸನೆಗೆ ಕಣ್ಣು ಉರಿಯುತ್ತಿತ್ತು. ಆಮೇಲೆ ಮತ್ತೆ ಇಸ್ತ್ರಿ ಮೇಜು, ಮತ್ತೆ ಬಿಳಿ ಅಂಗಿ.

"ಕೈ ತೊಳೆದೆ ತಾನೆ?" ಎಂದು ಕಾಲರ್ ಹೊಲಿಯುವ ವಾಸ್ಕಾ ದಿನಾ ಕೇಳುವಳು. "ಜರ್ಮನಿಗೆ ಹೋಗೋ ಮಾಲು ಕಣೇ ಅದು."

ಹೇಲು ವಾಸ್ಕಾಳದ್ದು, ಕೊಳಕು ಕೈ ಮಾತ್ರ ಜುಮ್ರೇತಾಳದ್ದು. ಈ ನ್ಯಾಯ ಆ ಕಾರ್ಖಾನೆಯಲ್ಲಿ ಒಬ್ಬಳಿಗೂ ತಮಾಷೆಯಾಗಿ ಕಾಣಲಿಲ್ಲ.

ಆ ಒಂಬತ್ತನೇ ವರ್ಷದ ಚಳಿಗಾಲದಲ್ಲಿ ರಾಜಧಾನಿ ಸ್ಕೋಪ್ಯೆಯಿಂದ ಡಾಕ್ಟರ್ ಇಸ್ಕ್ರಾ ಬಂದಳು. ರೋಗ ನೋಡುವ ಡಾಕ್ಟರಲ್ಲ, ಪುಸ್ತಕ ಓದಿ ಆದ ಡಾಕ್ಟರು. ಹೆಂಗಸರಿಗಾಗಿ ಏನೋ ಒಂದು ಸಂಸ್ಥೆ ನಡೆಸುತ್ತಿದ್ದಳು. ಅಂಗಿ ಕೊಳ್ಳುವ ಜರ್ಮನ್ ಕಂಪನಿಗೆ ಇಲ್ಲಿಯ ಹೆಂಗಸರು ಮುಂದುವರಿಯುತ್ತಿದ್ದಾರೆ ಎಂಬ ಕಾಗದ ಬೇಕಿತ್ತು. ಧಣಿ ಕೀರೋಗೆ ಮುಂದಿನ ವರ್ಷದ ಆರ್ಡರ್ ಬೇಕಿತ್ತು. ಡಾಕ್ಟರಮ್ಮನಿಗೆ ಫೋಟೋ ಬೇಕಿತ್ತು. ಮೂವರ ಆಸೆಗಳೂ ಒಂದೇ ದಾರದಲ್ಲಿ ಹೊಲಿಸಿಕೊಂಡವು. 'ಸ್ತ್ರೀವಾದ ಓದೋಣ: ಮೊದಲ ಹೆಜ್ಜೆ' ಎಂಬ ಬ್ಯಾನರ್ ಗೋಡೆಗೆ ಬಂತು. ಅಂಥವು ಮೂರು ಬಂದವು. ಪುಸ್ತಕ ಬಂದದ್ದು ಒಂದು.

"ಒಂದೇ ಪುಸ್ತಕಾನಾ ಡಾಕ್ಟರಮ್ಮ?" ಎಂದು ಕಾಜಾ ಹೊಲಿಯುವ ತ್ರಾಯಾಂಕಾ ಕೇಳಿದಳು. ಅರವತ್ತೊಂದು ವಯಸ್ಸು, ಕಾರ್ಖಾನೆಗೆಲ್ಲ ಹಿರಿಯಳು, ಬಾಯಿಗೆ ಬೀಗವಿಲ್ಲದವಳು.

"ಒಬ್ಬರು ಜೋರಾಗಿ ಓದಿ, ಉಳಿದವರು ಕೇಳಿ, ಆಮೇಲೆ ಚರ್ಚೆ ಮಾಡಿ. ಅದೇ ಚೆಂದ," ಎಂದಳು ಡಾಕ್ಟರಮ್ಮ. "ಮಾರ್ಚ್ ಎಂಟಕ್ಕೆ ಜರ್ಮನಿಯ ಅತಿಥಿಗಳು ಬರ್ತಾರೆ. ಅವರ ಮುಂದೆ ನೀವೆಲ್ಲ ಸೇರಿ ಇಡೀ ಪುಸ್ತಕದ ಸಾರ ಹೇಳ್ಬೇಕು."

"ಓದಿ, ಓದಿ, ಬೇಡ ಅಂದವರ್ಯಾರು?" ಎಂದ ಕೀರೋ. "ಆದ್ರೆ ಊಟದ ಹೊತ್ತಲ್ಲಿ. ಮೆಷಿನ್ ನಿಂತರೆ ನನ್ನ ಕರುಳು ಕಿತ್ತುಬರುತ್ತೆ."

ಮೊದಲ ಲೈನಿನ ಹದಿನಾಲ್ಕು ಹೆಂಗಸರನ್ನು ಬಳಗಕ್ಕೆ ಆರಿಸಿದರು. ಕುರ್ಚಿಗಳನ್ನು ವೃತ್ತಾಕಾರವಾಗಿ ಹಾಕಿದರು. ಇಸ್ತ್ರಿ ಮೇಜಿನ ಹಿಂದೆ ನಿಂತಿದ್ದ ಜುಮ್ರೇತಾಳನ್ನು ನೋಡಿ ಡಾಕ್ಟರಮ್ಮ, "ಅವರು ಬರಲ್ವಾ?" ಎಂದಳು.

"ಅವಳು ಕಾಫಿ ಮಾಡ್ತಾಳೆ ಮೇಡಂ," ಎಂದಳು ಸ್ಲಾವ್ಕಾ.

"ಓ, ಒಳ್ಳೇದಾಯ್ತು."

ಅಷ್ಟೇ ಮುಗಿಯಿತು. ಡಾಕ್ಟರಮ್ಮ ಎದ್ದು ನಿಂತು ಕಣ್ಣಿಗೆ ಕಾಣದ ಹೆಣ್ಣಿನ ದುಡಿಮೆಯ ಬಗ್ಗೆ ಅರ್ಧ ಗಂಟೆ ಮಾತಾಡಿದಳು. ಮಾತು ತುಂಬ ಚೆನ್ನಾಗಿತ್ತು, ಇಬ್ಬರು ಕಣ್ಣೂ ಒರೆಸಿಕೊಂಡರು. ಮಾತಿನ ನಡುವೆ ಖಾಲಿ ಬಟ್ಟಲನ್ನು ಪಕ್ಕಕ್ಕೆ ಚಾಚಿದಳು. ಅದನ್ನು ತೆಗೆದುಕೊಂಡ ಕೈ ಯಾರದೆಂದು ತಿರುಗಿ ನೋಡಲಿಲ್ಲ. "ಇನ್ನೊಂದು. ಸಕ್ಕರೆ ಕಮ್ಮಿ," ಎಂದಳು. ಜುಮ್ರೇತಾ ಇನ್ನೊಂದು ತಂದಳು. ಸಕ್ಕರೆ ಕಮ್ಮಿ.

ಡಾಕ್ಟರಮ್ಮ ಹೋದ ಮೇಲೆ ಓದು ಶುರುವಾಯಿತು. ಊಟಕ್ಕೆ ಸಿಗುವುದೇ ಅರ್ಧ ಗಂಟೆ. ಅದರಲ್ಲಿ ಬುರೆಕ್ ರೊಟ್ಟಿ ತಿನ್ನಬೇಕು, ಮೊಸರು ಕುಡಿಯಬೇಕು, ಬಿಲ್ಲೆಗೆ ಸಾಲು ನಿಲ್ಲಬೇಕು, ಒಂದು ಸಿಗರೇಟು ಸೇದಬೇಕು. ಉಳಿದ ಐದು ನಿಮಿಷದಲ್ಲಿ ವಾಸ್ಕಾ ರೊಟ್ಟಿ ತುಂಬಿದ ಬಾಯಲ್ಲಿ ಓದುವಳು. ಮೂರು ವಾರಕ್ಕೆ ಹನ್ನೊಂದು ಪುಟವಾಯಿತು. ಮಾರ್ಚ್ ಎಂಟಕ್ಕೆ ಉಳಿದದ್ದು ಎರಡು ವಾರ. ಪುಸ್ತಕ ಇನ್ನೂರ ನಲವತ್ತು ಪುಟ.

ತ್ರಾಯಾಂಕಾಳಿಗೆ ತಾಳ್ಮೆ ಕೆಟ್ಟಿತು. "ಲೇ, ಒಂದು ಅಂಗೀನ ಒಬ್ಬಳೇ ಕೂತು ಪೂರ್ತಿ ಹೊಲಿದ್ರೆ ದಿನಕ್ಕೆ ಎಷ್ಟಾಗುತ್ತೆ?"

"ಎರಡೋ ಮೂರೋ," ಎಂದಳು ವಾಸ್ಕಾ.

"ಲೈನಲ್ಲಿ ಹೊಲಿದ್ರೆ?"

"ನಾನೂರು."

"ಮತ್ತೆ ಈ ಪುಸ್ತಕಾನ ಯಾಕೆ ಒಬ್ಬಳೇ ಕೂತು ಗೊಣಗ್ತಿದೀಯ? ಕೊಡಿಲ್ಲಿ."

ಪುಸ್ತಕವನ್ನು ಬೋರಲು ಹಾಕಿ ಬೆನ್ನು ಬಿಚ್ಚಿ ನೋಡಿದಳು. ಒಳಗೆ ದಾರ ಕಂಡಿತು. ಅವಳ ಮುಖ ಅರಳಿತು. "ಇದೂ ಹೊಲಿಗೇನೇ ಕಣ್ರೇ! ಅದೂ ಎಂಥಾ ಸಡಿಲ ಹೊಲಿಗೆ, ಥೂ." ಹೊಲಿಗೆ ಬಿಚ್ಚುವ ಕೊಕ್ಕೆ ತೆಗೆದು ದಾರಕ್ಕೆ ಹಾಕಿ ಎಳೆದಳು. ಎರಡು ನಿಮಿಷದಲ್ಲಿ ಪುಸ್ತಕ ಹದಿನಾರು ಹದಿನಾರು ಪುಟಗಳ ಮಡಿಕೆಗಳಾಗಿ ಮೇಜಿನ ಮೇಲೆ ಹರಡಿತು. ಅಂಗಿಗೆ ಕಾಲರ್ ಒಬ್ಬಳು, ಕಫ್ ಒಬ್ಬಳು, ಕಾಜಾ ಒಬ್ಬಳು. ಹಾಗೇ ಇದಕ್ಕೂ ಒಬ್ಬೊಬ್ಬಳು ಒಂದೊಂದು ಮಡಿಕೆ ಮನೆಗೆ ಒಯ್ದು ಓದಬೇಕು. ಅವತ್ತು ಬಂದು ಸಾಲಾಗಿ ಹೇಳಬೇಕು. ಪುಸ್ತಕ ತಯಾರು. ಓದುವುದಕ್ಕೆ ಇದಕ್ಕಿಂತ ನೇರವಾದ ದಾರಿ ಆ ಹೆಂಗಸರಿಗೆ ತೋಚುವುದು ಸಾಧ್ಯವೇ ಇರಲಿಲ್ಲ.

ಹೆಂಗಸರು ಹದಿನಾಲ್ಕು, ಮಡಿಕೆ ಹದಿನೈದು. ಕಿತ್ತಾಡಿ ಹಂಚಿಕೊಂಡರು. ಏಳನೆಯದು ಉಳಿಯಿತು. ಸಣ್ಣ ಅಕ್ಷರ, ಎಲ್ಲೂ ಖಾಲಿ ಜಾಗವಿಲ್ಲ, ಕೆಳಗೆ ಇನ್ನೂ ಸಣ್ಣ ಅಕ್ಷರದ ಟಿಪ್ಪಣಿ. ಯಾರಿಗೂ ಬೇಡವಾಗಿತ್ತು.

"ನಾನು ತಗೊಳ್ಲಾ?" ಎಂದಳು ಜುಮ್ರೇತಾ.

ವಾಸ್ಕಾ ಕಿಸಕ್ಕನೆ ನಕ್ಕಳು. "ನಿಂಗೆ ಓದೋಕೆ ಬರುತ್ತಾ?"

"ಎಂಟನೇ ಕ್ಲಾಸು."

"ಪಾಸಾ?"

"ನಿನ್ನ ಥರ ಕಾಪಿ ಹೊಡೆದು ಅಲ್ಲ."

ಎಲ್ಲರೂ ನಕ್ಕರು. ವಾಸ್ಕಾ ಮುಖ ಕೆಂಪು ಮಾಡಿಕೊಂಡಳು. "ತಗೊಂಡು ಹೋಗು. ಓದಿ ನಂಗೆ ಹೇಳು, ಅವತ್ತು ಅದನ್ನೂ ಸೇರಿಸಿ ನಾನೇ ಹೇಳ್ತೀನಿ. ಫೋಟೋದಲ್ಲಿ ನೀನು ಯಾಕೆ."

ಹೀಗೆ ಜುಮ್ರೇತಾಳ ಓದು ತೊಂಬತ್ತೇಳನೇ ಪುಟದಿಂದ, ಒಂದು ವಾಕ್ಯದ ಅರ್ಧದಿಂದ ಶುರುವಾಯಿತು.

ಮನೆಯಲ್ಲಿ ಎರಡು ಕೋಣೆ, ಏಳು ಜನ. ಕಾರ್ಖಾನೆಯಲ್ಲಿ ಅವಳು ಒಬ್ಬಳೇ ಇರಲು ಸಾಧ್ಯವಿದ್ದ ಜಾಗ ಒಂದೇ. ಕಕ್ಕಸು ತೊಳೆದಾದ ಮೇಲೆ ಚಿಲಕ ಹಾಕಿ, ಬಕೆಟ್ ಬೋರಲು ಹಾಕಿ, ಅದರ ಮೇಲೆ ಕೂತು ಓದಿದಳು. ಅವಳಿಗೆ ಬಿಲ್ಲೆಯೂ ಬೇಕಿರಲಿಲ್ಲ. ಅವಳು ಅಲ್ಲಿದ್ದಾಳೆಂದರೆ ತೊಳೆಯುತ್ತಿದ್ದಾಳೆ ಎಂದೇ ಎಲ್ಲರ ಲೆಕ್ಕ.

ಮೊದಲ ದಿನ ಅರ್ಧ ಪುಟ. ಒಂದು ಮಣ್ಣೂ ಅರ್ಥವಾಗಲಿಲ್ಲ. 'ಪುನರುತ್ಪಾದನೆಯ ಶ್ರಮ' ಎಂಬ ಮಾತು ಪುಟಕ್ಕೆ ಆರು ಸಲ ಬರುತ್ತಿತ್ತು. ಇದೇನು ಹೆರುವುದರ ವಿಷಯವೇ? ಹಾಗಾದರೆ ನಡುವೆ ಪಾತ್ರೆ ಯಾಕೆ ಬಂತು, ಕಸ ಯಾಕೆ ಬಂತು? ಮುದುಕರನ್ನು ಮೀಯಿಸುವುದು ಯಾಕೆ ಬಂತು? ಬೈದುಕೊಂಡು ಮಡಿಚಿಟ್ಟಳು. ಮರುದಿನ ಮತ್ತೆ ಅದೇ ಅರ್ಧ ಪುಟ ಓದಿದಳು. ಮೂರನೇ ದಿನ ಬ್ರಷ್ ತೊಳೆಯುವಾಗ ಥಟ್ಟನೆ ಗೊತ್ತಾಯಿತು. ಇವತ್ತು ಮಾಡಿದರೆ ನಾಳೆ ಮತ್ತೆ ಮಾಡಲೇಬೇಕಾದ ಕೆಲಸ. ಮಾಡಿದರೆ ಯಾರಿಗೂ ಕಾಣುವುದಿಲ್ಲ, ಬಿಟ್ಟರೆ ಊರಿಗೆಲ್ಲ ನಾರುತ್ತದೆ. ಅಯ್ಯೋ, ಇದಕ್ಕೆ ಇಷ್ಟುದ್ದದ ಹೆಸರೇ!

ಆಮೇಲೆ ಓದು ಓಡಿತು. ನೂರ ನಾಲ್ಕನೇ ಪುಟದಲ್ಲಿ ಬರೆದವಳು ಕೇಳಿದ್ದಳು: ಹೆಂಗಸರು ಮನೆಬಿಟ್ಟು ಹೊರಗೆ ಹೊರಟರು, ಸರಿ, ಸಂತೋಷ. ಅವರು ಬಿಟ್ಟುಹೋದ ಬ್ರಷ್ಷನ್ನು ಎತ್ತಿಕೊಂಡವಳು ಯಾರು? ಅವಳ ಬಣ್ಣ ಯಾವುದು, ಅವಳ ಕೇರಿ ಯಾವುದು? ಆ ಪ್ರಶ್ನೆ ಕೇಳದ ಬಿಡುಗಡೆ ಇನ್ನೊಬ್ಬಳ ಬೆನ್ನೇರಿದ ಸವಾರಿ.

ಜುಮ್ರೇತಾಳಿಗೆ ಮೊದಲು ನಗು ಬಂತು. ಇದನ್ನು ಹೇಳಲು ಪುಸ್ತಕ ಬರೆಯಬೇಕಿತ್ತೇ, ನನ್ನನ್ನು ಕೇಳಿದ್ದರೆ ನಿಂತ ಕಾಲಲ್ಲಿ ಹೇಳುತ್ತಿದ್ದೆನಲ್ಲ! ಆಮೇಲೆ ನಗು ನಿಂತಿತು. ಎಲ್ಲೋ ದೂರದಲ್ಲಿ ಕೂತ ಒಬ್ಬಳಿಗೆ ಇದು ಗೊತ್ತಿತ್ತು. ಅಚ್ಚಾಗಿತ್ತು. ಸ್ಕೋಪ್ಯೆಯಲ್ಲಿ ಕಪಾಟಿನಲ್ಲಿತ್ತು. ಡಾಕ್ಟರಮ್ಮ ಇದನ್ನು ಓದಿದ್ದಳು, ಈ ಸಾಲುಗಳ ಕೆಳಗೆ ಅವಳ ಪೆನ್ಸಿಲ್ ಗೆರೆಯೇ ಇತ್ತು. ಓದಿಯೂ, ಸಕ್ಕರೆ ಕಮ್ಮಿ ಎಂದಳು. ಗೊತ್ತಿಲ್ಲದೆ ತುಳಿಯುವವರನ್ನು ಜುಮ್ರೇತಾ ಹುಟ್ಟಿದಂದಿನಿಂದ ಕಂಡಿದ್ದಳು. ಓದಿಕೊಂಡು, ಗೆರೆ ಎಳೆದು, ಪಾಠ ಮಾಡಿ ತುಳಿಯುವವರನ್ನು ಇದೇ ಮೊದಲು ಕಂಡದ್ದು. ಅವಳಿಗೆ ಸಿಟ್ಟಿಗಿಂತ ಹೆಚ್ಚಾಗಿ ಹೇಸಿಗೆಯಾಯಿತು.

ಮಾರ್ಚ್ ಏಳರಂದು ವಾಸ್ಕಾ ಇಸ್ತ್ರಿ ಮೇಜಿನ ಹತ್ತಿರ ಬಂದಳು. "ಏನಿದೆಯೇ ಅದರಲ್ಲಿ? ಬೇಗ ಹೇಳು, ಬರಕೊಳ್ತೀನಿ."

"ನಾನೇ ಹೇಳ್ತೀನಿ."

"ಅದೇ, ಹೇಳು."

"ನಿಂಗಲ್ಲ. ನಾಳೆ. ಅವರ ಮುಂದೆ."

"ತಲೆ ಕೆಟ್ಟಿದೆಯಾ? ಕಾಫಿ ಯಾರು ಕೊಡ್ತಾರೆ?"

"ನಿಂಗೆ ಕೈ ಇಲ್ವಾ?"

ವಾಸ್ಕಾ ಹೋಗಿ ಸ್ಲಾವ್ಕಾಳಿಗೆ ಚಾಡಿ ಹೇಳಿದಳು. ಸ್ಲಾವ್ಕಾ ನಕ್ಕು ಸುಮ್ಮನಾದಳು. ಇಸ್ತ್ರಿಯವಳಿಗೂ ಹುಚ್ಚು ಹಿಡಿಯುತ್ತದೆ, ಬಿಡುತ್ತದೆ.

ಮಾರ್ಚ್ ಎಂಟು. ಬೆಳಗ್ಗೆಯೇ ಕೀರೋ ಕ್ಷೌರ ಮಾಡಿಸಿಕೊಂಡು, ಸೆಂಟು ಹಾಕಿಕೊಂಡು, ತೋಳ ತುಂಬ ಕೆಂಪು ಕಾರ್ನೇಶನ್ ಹೂ ಹಿಡಿದು ಬಂದ. ಪ್ರತಿ ವರ್ಷದ ಪದ್ಧತಿ. ಒಬ್ಬೊಬ್ಬಳಿಗೆ ಒಂದೊಂದು ಹೂ, ಕೆನ್ನೆಗೊಂದು ಮುತ್ತು, ಸಂಜೆ ನದಿ ದಂಡೆಯ ಹೋಟೆಲಿನಲ್ಲಿ ಊಟ, ವಾದ್ಯ, ಕುಣಿತ. ಅದಕ್ಕಾಗಿ ಬೇಗ ಬಿಟ್ಟ ಎರಡು ಗಂಟೆಯನ್ನು ತುಂಬಿಸಲು ಶನಿವಾರ ಬಂದು ಹೊಲಿಯಬೇಕು. ಹೆಂಗಸರ ದಿನ, ಹೆಂಗಸರ ಖರ್ಚಲ್ಲಿ. ಜುಮ್ರೇತಾಳ ಮೇಜಿಗೆ ಬಂದಾಗ ಅವನು ಹೂವನ್ನು ಮೇಜಿನ ಮೇಲಿಟ್ಟು ಮುಂದೆ ಹೋದ. ಕೆನ್ನೆಯ ಭಾಗ್ಯ ಜಿಪ್ಸಿಯವಳಿಗಿಲ್ಲ. ಪುಣ್ಯ.

ಹತ್ತು ಗಂಟೆಗೆ ಸ್ಲಾವ್ಕಾ ಬ್ರಷ್ ತಂದಳು. "ಹನ್ನೊಂದಕ್ಕೆ ಅತಿಥಿಗಳು. ಇವತ್ತು ಊಟದ ತನಕ ಕಾಯಬೇಡ. ಈಗಲೇ ಹೋಗು. ಪಳಪಳ ಅನ್ಬೇಕು."

"ನಾನು ತೊಳೆಯಲ್ಲ."

"ಮೈ ಹುಷಾರಿಲ್ವಾ?"

"ಚೆನ್ನಾಗೇ ಇದೀನಿ."

"ಮತ್ತೆ?"

"ಇವತ್ತಷ್ಟೇ ಅಲ್ಲ ಸ್ಲಾವ್ಕಕ್ಕ. ಇನ್ಮೇಲೆ ತೊಳೆಯಲ್ಲ. ನನ್ನನ್ನ ತಗೊಂಡಿದ್ದು ಇಸ್ತ್ರಿಗೆ."

ಹತ್ತಿರದ ನಾಲ್ಕು ಮೆಷಿನ್ ನಿಂತವು. ಸ್ಲಾವ್ಕಾ ದನಿ ತಗ್ಗಿಸಿದಳು. "ಜುಮ್ರೇತಾ, ಜಾಸ್ತಿ ಆಡ್ಬೇಡ. ನೀನಲ್ದೆ ಇನ್ಯಾರು ತೊಳೀತಾರೆ?"

"ಹೋಗೋರು."

ಹೇಳಿದ ಹೊತ್ತಿಗಿಂತ ಮೊದಲೇ ಹೊರಗೆ ಕಾರು ಬಂದ ಸದ್ದಾಯಿತು. ಸ್ಲಾವ್ಕಾ ಬ್ರಷ್ಷನ್ನು ಅಲ್ಲೇ ಬಿಸಾಕಿ ಓಡಿದಳು.

ಬಂದದ್ದು ಡಾಕ್ಟರಮ್ಮ ಮತ್ತು ಇಬ್ಬರು ಜರ್ಮನರು. ಒಬ್ಬಳು ಎತ್ತರದ ಹೆಂಗಸು, ಒಬ್ಬ ಕ್ಯಾಮೆರಾದವನು. ವೃತ್ತದಲ್ಲಿ ಹದಿನಾಲ್ಕು ಹೆಂಗಸರು ಕೂತಿದ್ದರು. ಎದೆಯ ಮೇಲೆ ಕೆಂಪು ಹೂ, ತೊಡೆಯ ಮೇಲೆ ಕೈ.

"ಪುಸ್ತಕ ಎಲ್ಲಿ?" ಎಂದಳು ಡಾಕ್ಟರಮ್ಮ, ಫೋಟೋಗೆ ಹಿಡಿದುಕೊಳ್ಳಲು.

ಹದಿನಾಲ್ಕು ಕೈ ಮೇಲೆದ್ದವು. ಹದಿನಾಲ್ಕು ಮಡಿಕೆ.

ಡಾಕ್ಟರಮ್ಮನ ಮುಖದ ರಕ್ತ ಇಳಿಯಿತು. "ಅಯ್ಯೋ ದೇವರೇ! ಇದೇನು ಮಾಡಿಟ್ಟಿದೀರಿ? ಪುಸ್ತಕ ಅಂದ್ರೆ ನಿಮಗೆ ಬಟ್ಟೆ ತುಂಡಾ? ಇದನ್ನ ಓದು ಅಂತಾರಾ? ಒಬ್ಬರಿಗೆ ತಲೆ, ಒಬ್ಬರಿಗೆ ಬಾಲ... ನಿಮಗೆ ಪುಸ್ತಕ ಕೊಟ್ಟಿದ್ದೇ ನನ್ನ ತಪ್ಪು."

ಹದಿನಾಲ್ಕು ಕೈ ಮೆಲ್ಲಗೆ ಕೆಳಗಿಳಿದವು. ಎರಡು ವಾರ ಎಳೆದಾಡಿ, ಮಕ್ಕಳ ಹತ್ತಿರ ಕೇಳಿ, ಬಸ್ಸಿನಲ್ಲಿ ನಿಂತು ಓದಿ ಬಂದವರು ಬೈಸಿಕೊಂಡ ಶಾಲೆ ಹುಡುಗಿಯರಂತೆ ನೆಲ ನೋಡಿದರು. ತ್ರಾಯಾಂಕಾ ಒಬ್ಬಳೇ ತಲೆ ಎತ್ತಿದಳು.

"ಮತ್ತೆ ಹೊಲಿದು ಕೊಡ್ತೀನಿ ಬಿಡಿ ಡಾಕ್ಟರಮ್ಮ. ಮೊದಲಿದ್ದದ್ದಕ್ಕಿಂತ ಗಟ್ಟಿ ಹಾಕ್ತೀನಿ."

ಜರ್ಮನ್ ಹೆಂಗಸು ಏನೆಂದು ಕೇಳಿದಳು. ಡಾಕ್ಟರಮ್ಮ ನಗು ಅಂಟಿಸಿಕೊಂಡು ಏನೋ ಹೇಳಿದಳು. ಶುರುಮಾಡಿ ಎಂದು ಕೈಸನ್ನೆಯಾಯಿತು. ಮೊದಲನೆಯವಳು ತಡವರಿಸುತ್ತ ಎರಡು ಮಾತು ಹೇಳಿದಳು. ಎರಡನೆಯವಳು ಇನ್ನೂ ಸಣ್ಣ ದನಿಯಲ್ಲಿ. ಹಾಗೇ ಆರನೆಯವಳ ತನಕ ಬಂತು. ಏಳನೆಯದು ಇಲ್ಲ. ವಾಸ್ಕಾ ಬೆವರಿದಳು. ಲೈನ್ ನಿಂತಿತು.

ಜುಮ್ರೇತಾ ಕಾಫಿ ತಟ್ಟೆ ಹಿಡಿದು ಬಂದಳು. ತಟ್ಟೆಯನ್ನು ವಾಸ್ಕಾಳ ತೊಡೆಯ ಮೇಲಿಟ್ಟಳು. ಒಂದು ಕುರ್ಚಿ ಎಳೆದು, ನಡುವೆ ಜಾಗ ಮಾಡಿಸಿಕೊಂಡು ಕೂತಳು. ಏಪ್ರನ್ ಜೇಬಿನಿಂದ ಏಳನೇ ಮಡಿಕೆ ತೆಗೆದಳು.

"ನಂದು ತೊಂಬತ್ತೇಳರಿಂದ," ಎಂದಳು. "ಇದರಲ್ಲಿ ಏನು ಹೇಳಿದೆ ಅಂದ್ರೆ, ದಿನಾ ಮಾಡಿ ದಿನಾ ಮುಗಿಯದ ಕೆಲಸ ಒಂದಿದೆ. ತೊಳೆಯೋದು, ಬಳಿಯೋದು, ಒರೆಸೋದು. ಅದನ್ನ ಗಂಡಸು ಹೆಂಗಸಿನ ಮೇಲೆ ಹಾಕಿದ. ಸ್ವಲ್ಪ ತಲೆ ಎತ್ತಿದ ಹೆಂಗಸು ಅದನ್ನ ಇನ್ನೊಬ್ಬ ಹೆಂಗಸಿನ ಮೇಲೆ ಹಾಕಿದಳು. ಹಾಕಿ ಕೈ ಒರೆಸಿಕೊಂಡು, ನಂಗೆ ಬಿಡುಗಡೆ ಆಯ್ತು ಅಂದಳು. ಈ ಕಾರ್ಖಾನೇಲಿ ಅದು ನಾನು. ಒಂಬತ್ತು ವರ್ಷ ಇವರೆಲ್ಲರ ಹೇಲು ಬಳಿದಿದೀನಿ. ಇವತ್ತು ಬೆಳಗ್ಗೆಯಿಂದ ಬಿಟ್ಟಿದೀನಿ."

"ಒಂದು ನಿಮಿಷ," ಎಂದಳು ಡಾಕ್ಟರಮ್ಮ. "ಇದು ಆ ಅಧ್ಯಾಯದ ಅರ್ಥ ಅಲ್ಲ. ಅಲ್ಲಿ ಲೇಖಕಿ ಒಂದು ವ್ಯವಸ್ಥೆ ಬಗ್ಗೆ ಹೇಳ್ತಾರೆ, ನೀವು ಅದನ್ನ ತೀರಾ... ನೋಡಿ, ಅದಕ್ಕೇ ಹೇಳಿದ್ದು. ಪೀಠಿಕೆಯಿಂದ ಓದ್ಬೇಕು. ಮಧ್ಯದಿಂದ ಓದಿದ್ರೆ ಹೀಗೇ ಆಗೋದು."

"ನೀವು ಪೂರ್ತಿ ಓದಿದೀರಾ?"

"ಪಾಠ ಮಾಡ್ತೀನಮ್ಮ ನಾನು ಇದನ್ನ."

"ಈ ಹದಿನಾರು ಪುಟಾನೂ?"

"ಹೌದು."

"ನಿಮ್ಮನೆ ಕಕ್ಕಸು ಯಾರು ತೊಳೀತಾರೆ?"

ಡಾಕ್ಟರಮ್ಮ ಕನ್ನಡಕ ಸರಿಮಾಡಿಕೊಂಡಳು. "ಅದು ನನ್ನ ಸ್ವಂತ ವಿಷಯ. ಒಬ್ಬಳು ಬರ್ತಾಳೆ. ಚೆನ್ನಾಗೇ ನೋಡ್ಕೋತೀವಿ."

"ಹೆಸರೇನು ಅವಳದು?"

ಡಾಕ್ಟರಮ್ಮನ ಕೈ ಮತ್ತೆ ಕನ್ನಡಕಕ್ಕೆ ಹೋಯಿತು. ಆ ಹೆಸರು ಅವಳಿಗೆ ಗೊತ್ತಿಲ್ಲ ಎಂಬುದು ಎಲ್ಲರಿಗೂ ಗೊತ್ತಾಯಿತು. ತ್ರಾಯಾಂಕಾ ಗಂಟಲಲ್ಲಿ ಒಂದು ಸದ್ದು ಮಾಡಿದಳು. ಜರ್ಮನ್ ಹೆಂಗಸು ಮತ್ತೆ ಏನೋ ಕೇಳಿದಳು. ಡಾಕ್ಟರಮ್ಮ ತುಟಿ ಒದ್ದೆ ಮಾಡಿಕೊಂಡು ಅವಳ ಭಾಷೆಯಲ್ಲಿ ಉದ್ದಕ್ಕೆ ಏನೋ ಅನುವಾದ ಮಾಡಿದಳು. ಜರ್ಮನ್ ಹೆಂಗಸು ಕಣ್ಣರಳಿಸಿ, ಎರಡು ಕೈ ಎತ್ತಿ ಜುಮ್ರೇತಾಳಿಗೆ ಚಪ್ಪಾಳೆ ತಟ್ಟಿದಳು. ಕ್ಯಾಮೆರಾ ಮಿಂಚಿತು. ಏನೆಂದು ಹೇಳಿದಳೋ ಆ ಮಹಾತಾಯಿ, ಅವಳಿಗೇ ಗೊತ್ತು.

ಅತಿಥಿಗಳು ಹೋದರು. ಹೋಗುವ ಮುಂಚೆ ಡಾಕ್ಟರಮ್ಮ ಕಕ್ಕಸಿನ ಬಾಗಿಲು ತೆರೆದು, ಮೂಗಿಗೆ ಕರ್ಚೀಫು ಹಿಡಿದು, ಹಾಗೇ ಮುಚ್ಚಿ, ಸ್ಕೋಪ್ಯೆ ತನಕ ತಡೆದುಕೊಂಡು ಹೋದಳು.

ಕೀರೋ ಇಸ್ತ್ರಿ ಮೇಜಿಗೆ ಬಂದು ಗುದ್ದಿದ. "ನಾಳೆಯಿಂದ ಬರಬೇಡ."

"ಸರಿ ಧಣಿ," ಎಂದಳು ಜುಮ್ರೇತಾ, ಕೈಯಲ್ಲಿದ್ದ ಅಂಗಿಯ ತೋಳನ್ನು ಮಡಿಚುತ್ತ. ಇನ್ನೊಬ್ಬ ಇಸ್ತ್ರಿಯವಳು ಕೈ ಸುಟ್ಟುಕೊಂಡು ಮನೆಯಲ್ಲಿದ್ದಳು. ಮೇಜಿನ ಪಕ್ಕದಲ್ಲಿ ಅಂಗಿಗಳು ಎದೆಯೆತ್ತರ ನಿಂತಿದ್ದವು, ಲಾರಿ ಬರುವುದು ನಾಳಿದ್ದು. ಕೀರೋ ಅಂಗಿ ರಾಶಿ ನೋಡಿದ, ಅವಳನ್ನು ನೋಡಿದ, ಅವಳ ತಾಯಿಯನ್ನು ಬೈದು ಹೊರಟುಹೋದ.

ಮಧ್ಯಾಹ್ನ ಕಳೆಯಿತು. ನಾತ ಮೊದಲ ಲೈನಿನ ತನಕ ಬಂತು. ಬಿಲ್ಲೆ ಮೊಳೆಯಲ್ಲೇ ನೇತಾಡುತ್ತಿತ್ತು, ಯಾರೂ ಮುಟ್ಟಲಿಲ್ಲ.

"ಎಷ್ಟು ಜಂಬ ನೋಡು," ಎಂದಳು ವಾಸ್ಕಾ, ಎಲ್ಲರಿಗೂ ಕೇಳುವಂತೆ. "ಒಂಬತ್ತು ವರ್ಷ ತೊಳೆದವಳಿಗೆ ಇವತ್ತೇನು ಬಂತಂತೆ ರೋಗ?"

"ಒಂಬತ್ತು ವರ್ಷ ತೊಳೆದಿದ್ದೇ ರೋಗ," ಎಂದಳು ಜುಮ್ರೇತಾ. "ವಾಸಿ ಆಯ್ತು."

ಯಾರೂ ನಗಲಿಲ್ಲ. ಅವಳ ಪರವಾಗಿ ಯಾರೂ ಒಂದು ಮಾತಾಡಲೂ ಇಲ್ಲ. ಬೆಳಗ್ಗೆ ಬಿಡುಗಡೆಯ ಸಾರ ಒಪ್ಪಿಸಲು ಬಂದಿದ್ದ ಹದಿನಾಲ್ಕು ಬಾಯಿಗಳು ಸೂಜಿ ಕಚ್ಚಿಕೊಂಡು ಕೂತಿದ್ದವು. ಜುಮ್ರೇತಾ ಕಾಯುತ್ತಲೂ ಇರಲಿಲ್ಲ. ಅಂಗಿ ಎಳೆದಳು, ಒತ್ತಿದಳು, ಮಡಿಚಿದಳು. ಮನಸ್ಸಿನೊಳಗೆ ಮಾತ್ರ ಒಂದೇ ಒಂದು ಭಯವಿತ್ತು. ಈ ನಾತಕ್ಕೆ ಸೋತು, ಸಂಜೆಯ ಹೊತ್ತಿಗೆ ತಾನೇ ಬಕೆಟ್ ಎತ್ತಿಬಿಟ್ಟರೆ? ಕೈಗೆ ಅಭ್ಯಾಸವಾಗಿಹೋಗಿತ್ತು. ಅದಕ್ಕೇ ಕೈಯನ್ನು ಇಸ್ತ್ರಿಯ ಹಿಡಿಯಿಂದ ತೆಗೆಯಲೇ ಇಲ್ಲ.

ಮೂರು ಗಂಟೆಗೆ ತ್ರಾಯಾಂಕಾ ಕಾಜಾ ಮೆಷಿನ್ ಆರಿಸಿ ಎದ್ದಳು.

"ಥೂ, ನಿಮ್ಮ ಮುಖಕ್ಕಿಷ್ಟು! ನನ್ನ ವಯಸ್ಸಿಗೆ ಉಚ್ಚೆ ತಡೆಯೋಕಾಗಲ್ಲ. ಎಲ್ಲಿದೆಯೇ ಆ ಬ್ರಷ್ಷು?" ನೆಲದ ಮೇಲಿದ್ದದ್ದನ್ನು ಎತ್ತಿಕೊಂಡಳು. "ಇವತ್ತು ನಾನು. ನಾಳೆ ವಾಸ್ಕಾ. ನಾಡಿದ್ದು ಸ್ಲಾವ್ಕಾ. ಆಮೇಲೆ ಯಾರು ಅಂತ ನೀವೇ ಜುಟ್ಟು ಹಿಡ್ಕೊಂಡು ಬಡಿದಾಡಿ."

"ನಾನು ಸೂಪರ್‌ವೈಸರ್..." ಎಂದಳು ಸ್ಲಾವ್ಕಾ.

"ಸೂಪರ್‌ವೈಸರ್ ಹೋಗೋದು ಅತ್ತರಾ?"

ಒಳಗೆ ಹೋದವಳು ಕಾಲು ಗಂಟೆ ಬರಲಿಲ್ಲ. ನೀರು ಸುರಿಯುವ ಸದ್ದು, ಕೆಮ್ಮು, ಬೈಗುಳ, ಒಮ್ಮೆ ವಾಂತಿಯ ಸದ್ದು. ಹೊರಗೆ ಬಂದಾಗ ಮೊಣಕಾಲ ತನಕ ಒದ್ದೆ. ಕಣ್ಣು ಕೆಂಪಾಗಿ ನೀರು ಇಳಿಯುತ್ತಿತ್ತು. ಏದುಸಿರು ಬಿಡುತ್ತ ನೇರವಾಗಿ ತನ್ನ ಮೆಷಿನ್ನಿಗೆ ಹೋಗದೆ ಇಸ್ತ್ರಿ ಮೇಜಿನ ಎದುರು ಬಂದು ನಿಂತಳು. ಜುಮ್ರೇತಾಳ ಮುಖವನ್ನೇ ನೋಡಿದಳು. ಏನನ್ನೋ ಕಾಯುತ್ತಿದ್ದಳು.

ಏನನ್ನು ಎಂದು ಜುಮ್ರೇತಾಳಿಗೆ ಗೊತ್ತಿತ್ತು. ಒಂದು ಮಾತು. ನಿನ್ನಿಂದ ಉಪಕಾರವಾಯಿತು ಅಕ್ಕ ಎಂಬ ಮಾತು. ನಲವತ್ತು ಹೆಂಗಸರು ಒಂಬತ್ತು ವರ್ಷದಲ್ಲಿ ಒಂದು ಸಲವೂ ಅವಳಿಗೆ ಹೇಳದ ಮಾತು, ಈ ಮುದುಕಿಗೆ ಹದಿನೈದು ನಿಮಿಷಕ್ಕೇ ಬೇಕಾಗಿತ್ತು.

"ಪಕ್ಕಕ್ಕೆ ಸರಿ ತ್ರಾಯಾಂಕಕ್ಕ," ಎಂದಳು ಜುಮ್ರೇತಾ, ಮುಂದಿನ ಅಂಗಿ ಎಳೆದುಕೊಳ್ಳುತ್ತ. "ಹಬೆ ತಗಲುತ್ತೆ."